ಸೀಟು ಇದ್ದರೆ ಸಾಲದು, ತಯಾರಿಯೂ ಬೇಕು

ಮಾನ್ಯ ಸಂಪಾದಕರೇ,

ಕುಷ್ಟಗಿಯಲ್ಲಿ ನನ್ನದೊಂದು ಝೆರಾಕ್ಸ್, ಆನ್‌ಲೈನ್ ಅರ್ಜಿ ಅಂಗಡಿ ಇದೆ. ಎಂಜಿನಿಯರಿಂಗ್, ಕೃಷಿಯಂಥ ಕೋರ್ಸ್‌ಗಳ ಪ್ರವೇಶ ಪರೀಕ್ಷೆ ಸಿಇಟಿ ಸಮಯದಲ್ಲಿ ಹಳ್ಳಿ ಮಕ್ಕಳು ಬರುತ್ತಾರೆ. ಹಲವರ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಜಾತಿ-ಆದಾಯ ಪತ್ರ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರ ಎಲ್ಲವನ್ನೂ ಮಕ್ಕಳೇ ಓಡಾಡಿ ಹೊಂದಿಸಬೇಕು.

371(ಜೆ) ಅಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನಮ್ಮವರಿಗೆ ಶೇ 70 ಸೀಟು ಮೀಸಲು. ಆದರೆ ರ‍್ಯಾಂಕ್ ಬರದಿದ್ದರೆ ಆ ಸೀಟು ಅನುಕೂಲಸ್ಥರ ಮಕ್ಕಳಿಗೇ ಹೋಗುತ್ತದೆ, ಅಲ್ವಾ? ಹತ್ತನೇ ತನಕ ಕನ್ನಡದಲ್ಲಿ ಓದಿದವರಿಗೆ ಪಿಯು ವಿಜ್ಞಾನದಲ್ಲಿ ಎಲ್ಲವೂ ಇಂಗ್ಲಿಷ್. ಮೊದಲ ವರ್ಷ ಪಾಠ ಹಿಡಿಯುವುದರಲ್ಲೇ ಮುಗಿಯುತ್ತದೆ.

ಕಳೆದ ಸಲ ಹುಡುಗಿಯೊಬ್ಬಳು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಆನ್‌ಲೈನ್‌ನಲ್ಲಿ ಪಟ್ಟಿ ಮಾಡುವಾಗ, ಎರಡೇ ಕಾಲೇಜು ಹಾಕಿ ಎದ್ದಳು. ಅಪ್ಪ ರೈತ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬಗ್ಗೆಯಾಗಲಿ, ರೈತರ ಮಕ್ಕಳ ಕೋಟಾದ ಬಗ್ಗೆಯಾಗಲಿ ಅವಳಿಗೆ ಯಾರೂ ಹೇಳಿರಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಪ್ರತಿ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಉಚಿತ ತಯಾರಿ ತರಗತಿ ನಡೆಸಲಿ. ಪರೀಕ್ಷೆಗೆ ತಿಂಗಳಿರುವಾಗ ಅಲ್ಲ, ಪ್ರಥಮ ಪಿಯುಸಿಯಿಂದಲೇ. ಕನ್ನಡದಲ್ಲಿ ವಿವರಿಸುವ ಮೇಷ್ಟ್ರು ಇರಲಿ. ಅರ್ಜಿ ತುಂಬಿಸಿ, ಕಾಲೇಜು ಆರಿಸಲು ಜೊತೆಗೆ ಕೂರುವವರೂ ಬೇಕು. ದೂರದ ಹಳ್ಳಿ ಹೆಣ್ಣುಮಕ್ಕಳಿಗೆ ರಜೆಯಲ್ಲೂ ಹಾಸ್ಟೆಲ್ ತೆರೆದಿರಲಿ.

– ಓದುಗಿ, ಕುಷ್ಟಗಿ, ಕೊಪ್ಪಳ ಜಿಲ್ಲೆ