ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಬಾ

ಪ್ರೀತಿಯ ಗೆಳೆಯ,

ಡಿಸೆಂಬರಿನಲ್ಲಿ ಸೈಕಲ್ ತಗೊಂಡು ಬರ್ತೀನಿ, ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲೇ ತುಳೀತೀನಿ ಅಂತ ಬರೆದಿದ್ದೀಯ. ಖಂಡಿತ ಬಾ. ಆದರೆ 66ನೇ ಹೆದ್ದಾರಿಯನ್ನು ಆದಷ್ಟು ಬಿಡು. ರಸ್ತೆ ನುಣುಪಾಗಿದೆ, ನಿಜ. ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಬರುವವನಿಗೆ ಸುತ್ತಲೂ ನೋಡಲು ಪುರುಸೊತ್ತೆಲ್ಲಿ? ನಮ್ಮ ಕರಾವಳಿಯ ಚೆಂದ ಎಲ್ಲ ಹೊಳೆಗಳು ಕಡಲು ಸೇರುವ ಅಳಿವೆಗಳ ಸುತ್ತ ಇದೆ. ಅಲ್ಲಿಗೆ ಸಣ್ಣ ರಸ್ತೆಗಳೇ ಹೋಗುವುದು.

ಕಾರವಾರದಿಂದ ಅಂಕೋಲೆಗೆ ಹೆದ್ದಾರಿಯೇ ಗತಿ. ನಸುಕಿನಲ್ಲೇ ಹೊರಟು ಅದನ್ನು ಮುಗಿಸಿಬಿಡು. ಅಲ್ಲಿಂದ ಒಳಕ್ಕೆ ತಿರುಗು. ಮಂಜಗುಣಿಯಲ್ಲಿ ಗಂಗಾವಳಿ ಹೊಳೆ ದಾಟಿದರೆ ಗೋಕರ್ಣದ ಕಡೆಗೆ ಊರೊಳಗಿನ ಡಾಂಬರು ರಸ್ತೆ, ತೆಂಗಿನ ನೆರಳು. ಮಧ್ಯಾಹ್ನ ವಾಯವ್ಯದಿಂದ ಗಾಳಿ ಬೀಸುವುದರಿಂದ ಉತ್ತರದಿಂದ ದಕ್ಷಿಣಕ್ಕೆ ಬರುವುದೇ ಸುಖ.

ಗೋಕರ್ಣದಲ್ಲಿ ಒಂದು ಮಾತು ಕೇಳು. ಓಂ ಬೀಚಿನಿಂದ ಮುಂದಿನ ಗುಡ್ಡದ ದಾರಿ ಕಾಲ್ನಡಿಗೆಗೆ ಮಾತ್ರ. ಒಂದು ಕಡೆ ಚಿರೆಕಲ್ಲು, ಇನ್ನೊಂದು ಕಡೆ ಕಡಲು. ಸೈಕಲ್ ಬಿಟ್ಟು ನಡಿ.

ಆಮೇಲೆ ಸಾಣಿಕಟ್ಟಾ. ಸಮುದ್ರದ ನೀರನ್ನು ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಉಪ್ಪು ಕಟ್ಟಿಸುವ ಊರು. ಉಪ್ಪಿನ ರಾಶಿ ನೋಡಬೇಕೆಂದರೆ ಬೇಸಿಗೆಗೆ ಇನ್ನೊಮ್ಮೆ ಬರಬೇಕು.

ತದಡಿಯಲ್ಲಿ ಸೈಕಲ್ ಸಮೇತ ದೋಣಿ ಹತ್ತು. ಆಚೆ ದಡ ಅಘನಾಶಿನಿ ಊರು. ದಾಟುವಾಗ ಕಡಲಿನ ಇಳಿತವಿದ್ದರೆ ನಡುನೀರಿನಲ್ಲಿ ಜನ ಸೊಂಟದವರೆಗೆ ನಿಂತು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿರುತ್ತಾರೆ. ಅಘನಾಶಿನಿಯಂಥ ಇಷ್ಟು ದೊಡ್ಡ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ, ಗೊತ್ತಾ? ಇಲ್ಲಿನ ಮೀನು, ಬಳಚು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಎಲ್ಲಕ್ಕೂ ಆ ಸಿಹಿನೀರು ಬಂದು ಉಪ್ಪುನೀರಿಗೆ ಕೂಡಬೇಕು.

ಮಣ್ಣಿನ ದಾರಿ ಬೇಕು ಅಂದಿದ್ದೆಯಲ್ಲ, ಅದು ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳ, ಕಟ್ಟೆಗಳ ಮೇಲಿದೆ. ಕುಮಟಾದ ಮಾಣಿಕಟ್ಟಾ ಕಡೆ ನಾನೇ ಕರೆದುಕೊಂಡು ಹೋಗ್ತೀನಿ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ (ಉಬ್ಬರದ) ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಕಟ್ಟೆಯ ಮಣ್ಣು ಒಣಗಿ ಬಿರಿದಿರುತ್ತದೆ, ಅಂಚಿನುದ್ದಕ್ಕೂ ಏಡಿ ಬಿಲಗಳು. ನೀರು ಬಿಡುವ ಹಲಗೆಗಳ ಹತ್ತಿರ ಇಳಿದು ಸೈಕಲ್ ಎತ್ತಿಕೊಂಡೇ ದಾಟಬೇಕು. ಕಟ್ಟೆ ಒಡೆದರೆ ಒಬ್ಬರದ್ದಲ್ಲ, ಇಡೀ ಬಯಲಿನ ಬೆಳೆ ಹೋಗುತ್ತದೆ. ಹಾಗಾಗಿ ಕೇಳಿಕೊಂಡು ಹೋಗೋಣ, ಹಸಿ ಇದ್ದ ಕಡೆ ತುಳಿಯುವುದೇ ಬೇಡ.

ತೆಳ್ಳನೆ ಟೈರು ಹಾಕ್ಕೊಂಡು ಬರಬೇಡ. ಸ್ವಲ್ಪ ಅಗಲ ಇರಲಿ, ಗಾಳಿ ಕಡಿಮೆ ಇರಲಿ. ಮರಳಿನ ಮೇಲೆ ಓಡಿಸಬೇಕೆಂದರೆ ಇಳಿತದ ಹೊತ್ತಿಗೆ ಹೋಗಬೇಕು, ಆಗ ಒದ್ದೆ ಮರಳು ಗಟ್ಟಿ ಇರುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ರಾತ್ರಿ ಸಿಹಿನೀರಿನಲ್ಲಿ ಚೈನು ತೊಳೆದು, ಒರೆಸಿ, ಎಣ್ಣೆ ಬಿಡು. ಇಲ್ಲದಿದ್ದರೆ ತುಕ್ಕು ಗ್ಯಾರಂಟಿ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವುದು, ಯಾಣ ನೋಡುವುದು ಈ ಸಲ ಬೇಡ. ಅದಕ್ಕೇ ಬೇರೆ ರಜೆ ಹಾಕು.

ರೈಲಿನ ಟಿಕೆಟ್ ತೆಗೆಸುವ ಮೊದಲು ತಾರೀಕು ತಿಳಿಸು. ಇಳಿತದ ಹೊತ್ತು ನೋಡಿ ಹೇಳ್ತೀನಿ.

ನಿನ್ನ ಕುಮಟಾದ ಗೆಳೆಯ