ಬೆಳೆಸಿದವರಿಗೂ ಪಾಲು ಕೊಡಿ: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,

ಮೈಸೂರಿನಿಂದ ನಮಸ್ಕಾರಗಳು. ನಾನು ಇಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಶ್ರೀರಂಗಪಟ್ಟಣ, ಮಂಡ್ಯದಿಂದಲೂ ಬಸ್ ಹತ್ತಿ ಬರುವ ಮಕ್ಕಳಿದ್ದಾರೆ. ತಮ್ಮಲ್ಲಿ ಕೇಳಿಕೊಳ್ಳುವುದು ಒಂದೇ ವಿಷಯ. ಸರ್ಕಾರ ಫುಟ್‌ಬಾಲ್‌ಗೆ ದುಡ್ಡು ಕೊಡುವಾಗ, ಸ್ಟೇಡಿಯಂ ಬಿಟ್ಟುಕೊಡುವಾಗ ಒಂದು ಷರತ್ತು ಹಾಕಿ. ಆಟಗಾರನನ್ನು ಚಿಕ್ಕಂದಿನಿಂದ ಬೆಳೆಸಿದ ಸಣ್ಣ ಕ್ಲಬ್‌ಗೂ ಅದರಲ್ಲಿ ಪಾಲು ಸಿಗಲಿ.

ಈ ಆಟದಲ್ಲಿ ದುಡ್ಡಿದ್ದವರು ಗೆಲ್ಲುವುದು ಆಕಸ್ಮಿಕವಲ್ಲ. ಒಂದು ಪಂದ್ಯದಲ್ಲಿ ಯಾರು ಬೇಕಾದರೂ ಯಾರನ್ನಾದರೂ ಸೋಲಿಸಬಹುದು. ಆದರೆ ಇಂಗ್ಲೆಂಡಿನ ಕ್ಲಬ್‌ಗಳ ಲೆಕ್ಕಪತ್ರ ನೋಡಿದ ಅರ್ಥಶಾಸ್ತ್ರಜ್ಞರು ಹೇಳುವುದು ಬೇರೆ. ಹಲವು ವರ್ಷಗಳ ಸರಾಸರಿ ತೆಗೆದರೆ, ಸಂಬಳಕ್ಕೆ ಜಾಸ್ತಿ ಖರ್ಚು ಮಾಡುವ ಕ್ಲಬ್ಬೇ ಪಟ್ಟಿಯಲ್ಲಿ ಮೇಲಿರುತ್ತದೆ. ಜರ್ಮನಿಯಲ್ಲಿ ಬಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ಸಲ ಲೀಗ್ ಗೆದ್ದಿತು. 2024ರಲ್ಲಿ ಆ ಸರಪಳಿ ಮುರಿದ ಲೆವರ್ಕುಸೆನ್ ಹಿಂದೆಯೂ ಬಾಯರ್ ಎಂಬ ದೊಡ್ಡ ಔಷಧ ಕಂಪನಿ ಇದೆ. ಇನ್ನು ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್ ನೋಡಿ. 2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಗೆದ್ದ ಮೇಲೆ ಆ ಕಪ್ ಇಂಗ್ಲೆಂಡ್, ಸ್ಪೇನ್, ಇಟಲಿ, ಜರ್ಮನಿ, ಫ್ರಾನ್ಸ್ ಬಿಟ್ಟು ಹೊರಗೆ ಹೋಗಿಯೇ ಇಲ್ಲ.

ಇಂಗ್ಲೆಂಡಿನ ಸಣ್ಣ ಕ್ಲಬ್ ಲೆಸ್ಟರ್ ಸಿಟಿ ಅಲ್ಲಿನ ಲೀಗ್ ಗೆಲ್ಲಲಿಲ್ವಾ ಅಂತ ತಾವು ಕೇಳಬಹುದು. ಗೆದ್ದಿತು, 2015-16ರಲ್ಲಿ. ಆ ತಂಡದ ಮಿಡ್‌ಫೀಲ್ಡರ್ ಕಾಂಟೆ ಅದೇ ಬೇಸಿಗೆಯಲ್ಲಿ ಚೆಲ್ಸೀಗೆ ಹೋದರು. ಮುಂದಿನ ವರ್ಷ ಲೀಗ್ ಗೆದ್ದದ್ದು ಚೆಲ್ಸೀ.

ನಮ್ಮ ದೇಶದಲ್ಲೂ ಇದೇ ಕಥೆ ನಡೆದಿದೆ. ಮಿಜೋರಾಂನ ಐಜಾಲ್ ಎಫ್‌ಸಿ 2016-17ರಲ್ಲಿ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಹಿಂದಿನ ವರ್ಷ ಕೆಳಗಿನ ಹಂತಕ್ಕೆ ಜಾರಿದ್ದ ತಂಡ ಅದು. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟಿದ್ದರಿಂದ ಮತ್ತೆ ಅವಕಾಶ ಸಿಕ್ಕಿತ್ತು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ನಮ್ಮದೇ ಬೆಂಗಳೂರು ಎಫ್‌ಸಿ, ಎಲ್ಲರನ್ನೂ ಹಿಂದೆ ಹಾಕಿತು. ಆಮೇಲೆ ಏನಾಯಿತು? ಕೋಚ್ ಖಾಲಿದ್ ಜಮೀಲ್ ಅವರನ್ನೂ, ಮಿಡ್‌ಫೀಲ್ಡರ್ ಮಹಮೂದ್ ಅಲ್ ಅಮ್ನಾ ಅವರನ್ನೂ ಈಸ್ಟ್ ಬೆಂಗಾಲ್ ಕರೆದುಕೊಂಡಿತು. ದುಡ್ಡಿನ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಬಾಗಿಲೂ ತೆರೆಯಲಿಲ್ಲ. ಆಗ ಅಲ್ಲಿಗೆ ಸೇರಲು ಗೆಲುವು ಸಾಲುತ್ತಿರಲಿಲ್ಲ, ಬಿಡ್ ಹಾಕಿ ಶುಲ್ಕ ಕಟ್ಟಬೇಕಿತ್ತು. ಅದೇ 2017ರಲ್ಲಿ ಬೆಂಗಳೂರು ಎಫ್‌ಸಿ ಆ ದಾರಿಯಲ್ಲೇ ಒಳಗೆ ಹೋಯಿತು. ಬೆಂಗಳೂರಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಚೆನ್ನಾಗಿ ಕಟ್ಟಿದ ತಂಡ. ಆದರೆ ಗೆದ್ದವನಿಗೆ ಮೇಲೆ ಹೋಗಲು ಏಣಿಯೇ ಇಲ್ಲದಿದ್ದರೆ ಅದನ್ನು ಸ್ಪರ್ಧೆ ಅಂತ ಹೇಗೆ ಕರೆಯುವುದು? ಗೆದ್ದು ಐಎಸ್‌ಎಲ್‌ಗೆ ಏರಿದ ಮೊದಲ ತಂಡ ಪಂಜಾಬ್, ಅದೂ 2023ರಲ್ಲಿ.

ದುಡ್ಡು ಬರಬಾರದು ಅಂತ ನಾನು ಹೇಳುತ್ತಿಲ್ಲ. ಅದು ಹೇಗೆ ಹಂಚಿಕೆಯಾಗುತ್ತದೆ ಅನ್ನುವುದು ಮುಖ್ಯ. ಸ್ಪೇನ್‌ನಲ್ಲಿ ಮೊದಲು ಪ್ರತಿ ಕ್ಲಬ್ ತನ್ನ ಟಿವಿ ಹಕ್ಕನ್ನು ತಾನೇ ಮಾರುತ್ತಿತ್ತು. ದುಡ್ಡಿನ ದೊಡ್ಡ ಭಾಗ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್‌ಗೆ ಹೋಗುತ್ತಿತ್ತು. 2015ರಲ್ಲಿ ಅಲ್ಲಿನ ಸರ್ಕಾರವೇ ಕಾನೂನು ತಂದು, ಎಲ್ಲರೂ ಒಟ್ಟಾಗಿ ಮಾರಿ ಹಂಚಿಕೊಳ್ಳಬೇಕು ಅಂದಿತು. ಹಂಚಿಕೆಯ ವಿಷಯದಲ್ಲಿ ಸರ್ಕಾರ ಕೈಹಾಕಬಹುದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ, ಸಾರ್?

ಪಾಲಿನ ನಿಯಮವೂ ಹೊಸದಲ್ಲ. ಆಟಗಾರ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ದುಡ್ಡಿಗೆ ಹೋದರೆ, ಆ ಮೊತ್ತದ ಶೇ 5ರಷ್ಟು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಸೇರಬೇಕು. ಇದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. 12ರಿಂದ 15ರವರೆಗೆ ನಾಲ್ಕು ವರ್ಷ ಕಲಿಸಿದ ಕ್ಲಬ್‌ಗೆ ಬರುವುದು ಶೇ 1. ಕೋಟಿ ರೂಪಾಯಿಯ ವರ್ಗಾವಣೆಯಾದರೆ ಒಂದು ಲಕ್ಷ. ದೊಡ್ಡ ಕ್ಲಬ್‌ಗೆ ಅದು ಲೆಕ್ಕಕ್ಕೇ ಇಲ್ಲ. ನಮಗೆ ಚೆಂಡು, ಶೂಸ್, ಪಂದ್ಯಕ್ಕೆ ಹೋಗುವ ಬಸ್ ಚಾರ್ಜು, ಎಲ್ಲ ಅದರಲ್ಲಿ ಆಗುತ್ತದೆ.

ಆದರೆ ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಹುಡುಗನಿಗೆ ವರ್ಗಾವಣೆ ಶುಲ್ಕ ಎಲ್ಲಿಂದ ಬರಬೇಕು? ನಮ್ಮ ಒಬ್ಬ ಹುಡುಗನನ್ನು ಅಲ್ಲಿನ ಕ್ಲಬ್ ಒಂದು ಕರೆದುಕೊಂಡು ಹೋಯಿತು. ಅವನು ಬೆಳೆಯಲಿ, ಖುಷಿಯೇ. ಆದರೆ ಅವನು ಇಲ್ಲಿ ಆಡಿದ ಅಂತ ಒಂದು ಕಾಗದ ಕೂಡ ಎಲ್ಲೂ ಇಲ್ಲ. ನಾಳೆ ಅವನು ಹೊರದೇಶಕ್ಕೆ ಹೋದರೂ ನಾವು ಕೇಳುವ ಹಾಗಿಲ್ಲ. ನೋಂದಣಿ ಇಲ್ಲದಿದ್ದರೆ ಫಿಫಾ ನಿಯಮವೂ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಮೊದಲು ಜಿಲ್ಲೆಗಳ ಪ್ರತಿ ಮಗುವಿನ ಹೆಸರೂ ಕ್ಲಬ್ ಸಮೇತ ದಾಖಲಾಗಲಿ. ರಾಜ್ಯ ಫುಟ್‌ಬಾಲ್ ಸಂಸ್ಥೆ ಸ್ವತಂತ್ರ ಸಂಸ್ಥೆ, ಅದಕ್ಕೆ ತಾವು ಆದೇಶ ಕೊಡಲಾಗದು, ಗೊತ್ತು. ಆದರೆ ಅನುದಾನ ತಮ್ಮದು, ಸರ್ಕಾರಿ ಮೈದಾನ ತಮ್ಮದು. ಅವನ್ನು ಪಡೆಯುವ ಲೀಗ್ ತನ್ನ ಆದಾಯದ ಒಂದು ಭಾಗವನ್ನು ಜಿಲ್ಲಾ ಕ್ಲಬ್‌ಗಳಿಗೆ ಕೊಡಲಿ, ಬಹುಮಾನದ ಹಣವೆಲ್ಲ ಗೆದ್ದವರಿಗೇ ಹೋಗದಿರಲಿ ಅಂತ ಬರೆದುಕೊಡಲು ಹೇಳಬಹುದು ಅಲ್ವಾ? ಚಾಮುಂಡಿ ವಿಹಾರದಲ್ಲಿ, ಮಂಡ್ಯದ ವಿಶ್ವೇಶ್ವರಯ್ಯ ಸ್ಟೇಡಿಯಂನಲ್ಲಿ ಸಣ್ಣ ಕ್ಲಬ್‌ಗಳಿಗೆ ಬಾಡಿಗೆ ಇಲ್ಲದೆ ದಿನಕ್ಕೆ ಇಷ್ಟು ಹೊತ್ತು ಅಂತ ನಿಗದಿ ಮಾಡಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಪ್ರತಿಭೆ ಇಲ್ಲ ಅನ್ನಬೇಡಿ. ಮೈಸೂರು ಅನ್ನುವ ಹೆಸರಿನಲ್ಲೇ ನಮ್ಮ ರಾಜ್ಯ ನಾಲ್ಕು ಸಲ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಿದೆ, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದೆವು. ಅಂಥ ಆಟಗಾರರು ಸಣ್ಣ ಮೈದಾನಗಳಿಂದಲೇ ಬರುತ್ತಾರೆ.

ಮುಂದಿನ ಬಜೆಟ್‌ಗೆ ಮುಂಚೆ ಮೈಸೂರು, ಮಂಡ್ಯದ ಕ್ಲಬ್‌ಗಳವರನ್ನು ಒಮ್ಮೆ ಕರೆದು ಮಾತಾಡಿ. ನಾವು ಲೆಕ್ಕ ಸಮೇತ ಬರುತ್ತೇವೆ.

ಇಂತಿ,
ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಫುಟ್‌ಬಾಲ್ ಕೋಚ್