ಅತ್ತಿಗೆಗೆ, ಮತ್ತೆ ಜೊತೆಗಿದ್ದ ಎಲ್ಲರಿಗೂ

ಈ ಸಲ ಹಾಸನಾಂಬೆಯ ದರ್ಶನಕ್ಕೆ ಹೋಗಿದ್ದೆ. ಧರ್ಮದರ್ಶನದ ಸಾಲಿನಲ್ಲಿ, ಗಿಡ್ಡ ತೋಳಿನ ರವಿಕೆ ಹಾಕಿಕೊಂಡು. ನನ್ನ ಸೋರಿಯಾಸಿಸ್ (ಮೈಮೇಲೆ ಕಲೆ ಎದ್ದು ಹೊಟ್ಟು ಉದುರುವ ಚರ್ಮದ ಕಾಯಿಲೆ) ಬಗ್ಗೆ ಗೊತ್ತಿರುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ಗುಡಿ, ಮೈಗೆ ಮೈ ತಾಗುವ ನೂಕುನುಗ್ಗಲು. ಊರಲ್ಲೇ ಇದ್ದರೂ ಎಷ್ಟೋ ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಕಲೆಗಳು ಈಗಲೂ ಇವೆ. ಆದರೂ ಹೋದೆ.

ಪ್ರತಿ ಸಲವೂ ತಾಳ್ಮೆಯಿಂದ ನೋಡಿದ ಡಾಕ್ಟರಿಗೆ, ಕೌಂಟರ್ ಬದಲಾಯಿಸಿಕೊಡುತ್ತಿದ್ದ ಬ್ಯಾಂಕಿನ ಗೆಳತಿಯರಿಗೆ, ಏನೂ ಕೇಳದೆ ಊಟ ಕಳಿಸುತ್ತಿದ್ದ ಚಿಕ್ಕಮ್ಮನಿಗೆ ಮನಸಾರೆ ವಂದನೆ.

ಇನ್ನು ನಮ್ಮ ಅತ್ತಿಗೆ.

ಚಿಕ್ಕಪ್ಪನ ಮಗಳ ಮದುವೆಯ ದಿನ ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತಿದ್ದೆ. ಒಬ್ಬರು ಎಲೆಗೆ ಕೈ ಅಡ್ಡ ಹಿಡಿದರು. ಇನ್ನೊಬ್ಬರು ಪಾತ್ರೆ ಇಸ್ಕೊಂಡು, 'ನೀನು ಹೋಗಿ ಕೂತ್ಕೋ' ಅಂದರು. ಇದು ಅಂಟುವ ಕಾಯಿಲೆಯಲ್ಲ. ಅಂದು ಅಷ್ಟು ಹೇಳೋಕೂ ಬಾಯಿ ಬರಲಿಲ್ಲ. ರಾತ್ರಿ ಮನೆಗೆ ಬಂದು ಕೋಣೆ ಸೇರಿದೆ. ಸುತ್ತಿ ಬಳಸಿ ಬರೆಯೋದಿಲ್ಲ, ಸಾಯಬೇಕು ಅನ್ನಿಸಿತ್ತು.

ಅತ್ತಿಗೆ ಬಂದು ಪಕ್ಕದಲ್ಲಿ ಕೂತರು. ಎಲ್ಲ ಸರಿಹೋಗುತ್ತೆ ಅನ್ನಲಿಲ್ಲ. ಕೊಬ್ಬರಿ ಎಣ್ಣೆ ಬಟ್ಟಲು ತಂದು, ನನ್ನ ಮೊಣಕೈ ತೊಡೆ ಮೇಲಿಟ್ಟುಕೊಂಡು, ಬರಿಗೈಯಲ್ಲಿ ಹಚ್ಚಿದರು. ಉದುರಿದ ಹೊಟ್ಟು ಅವರ ರೇಷ್ಮೆ ಸೀರೆಯ ಮೇಲೆ ಬಿತ್ತು. ಕೊಡವಿಕೊಳ್ಳಲಿಲ್ಲ. ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದೆ, ಅಸಹ್ಯ, ದರಿದ್ರ ಮೈ ಅಂತ. ಕೇಳಿ ಕೇಳಿ ಕೊನೆಗೆ ಅಂದರು: 'ನನ್ನ ಮಗಳಿಗೆ ಇದು ಬಂದಿದ್ರೆ ಅವಳಿಗೂ ನೀನು ಹಿಂಗೇ ಅಂತಿದ್ದೇನೇ?' ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯಿಡೀ ಎದ್ದು ಹೋಗಲಿಲ್ಲ ಅವರು. ಬೆಳಗಿನ ಜಾವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಆ ಕಡೆಯವರು ಕನ್ನಡದಲ್ಲೇ, ನಿಧಾನವಾಗಿ ಮಾತಾಡಿದರು.

ಆಮೇಲೆ ಸಿಕ್ಕ ಆಪ್ತಸಮಾಲೋಚಕಿ ಕಲಿಸಿದ್ದೂ ಅತ್ತಿಗೆ ಕೇಳಿದ ಆ ಪ್ರಶ್ನೆಯನ್ನೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದರ ಬಗ್ಗೆ, ಅಂದರೆ ನಮ್ಮ ಮೇಲೆ ನಾವೇ ಕರುಣೆ ತೋರುವುದರ (ಸೆಲ್ಫ್ ಕಂಪ್ಯಾಶನ್) ಬಗ್ಗೆ ಬರೆದಿದ್ದಾರೆ. ನಮ್ಮವರಿಗೆ ಕಷ್ಟ ಬಂದಾಗ ಹೇಗೆ ಮಾತಾಡುತ್ತೇವೋ ಹಾಗೆ ನಮ್ಮ ಜೊತೆಗೂ ಮಾತಾಡುವುದು. ನೋವನ್ನು ಮುಚ್ಚಿಡದೆ, ಬೆಳೆಸದೆ ನೋಡುವುದು. ಇದು ನನಗೊಬ್ಬಳಿಗೇ ಬಂದದ್ದಲ್ಲ ಅಂತ ನೆನಪಿಟ್ಟುಕೊಳ್ಳುವುದು. ಲೋಕದಲ್ಲಿ ಕಡಿಮೆಯೆಂದರೂ 10 ಕೋಟಿ ಜನರಿಗೆ ಸೋರಿಯಾಸಿಸ್ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2016ರ ವರದಿ. ಅದನ್ನು ಓದಿದ ದಿನ ತುಂಬಾ ಅತ್ತೆ, ಸಮಾಧಾನಕ್ಕೆ.

ನನಗೆ ನಾನೇ ಕಾಗದ ಬರೆಯೋಕೆ ಆಪ್ತಸಮಾಲೋಚಕಿ ಹೇಳಿದ್ದರು. ಮೊದಮೊದಲು ಬೈಗುಳವೇ ಬರುತ್ತಿತ್ತು. ಅತ್ತಿಗೆಯ ದನಿ ನೆನೆದುಕೊಂಡು ಬರೆದಾಗಲೇ ಕೈ ಓಡಿದ್ದು. ಒಂದು ದಿನದ ಕಾಗದ ಇಷ್ಟೇ: 'ಇವತ್ತು ಉರಿ ಜಾಸ್ತಿ ಇತ್ತು. ಆದರೂ ಕೆಲಸಕ್ಕೆ ಹೋದೆ. ಸಾಕಾಗಿದೆ ನಿನಗೆ, ಮಲಗು ಕಣೇ.' ಇದರಿಂದ ಚರ್ಮ ವಾಸಿಯಾಗುತ್ತೆ ಅಂತಲ್ಲ. ಮುಲಾಮು, ಮಾತ್ರೆ ಹಾಗೇ ನಡೆದಿವೆ. ಕನ್ನಡಿ ಮುಂದೆ ನಿಲ್ಲೋಕೆ ಈಗ ಭಯವಿಲ್ಲ, ಅಷ್ಟು ಹೇಳಬಲ್ಲೆ.

ಅತ್ತಿಗೆ, ಇದನ್ನೆಲ್ಲ ಬರೆದಿದ್ದಕ್ಕೆ ನೀವು ಬೈತೀರಿ ಅಂತ ಗೊತ್ತು. ಬೈಯಿರಿ. ಬರೆಯದೆ ಇರೋಕಾಗಲಿಲ್ಲ.

ಹಾಸನದ ಸುತ್ತಮುತ್ತ ಯಾರಾದರೂ ಇದೇ ಸಂಕಟದಲ್ಲಿದ್ದರೆ ನನಗೆ ಮೆಸೇಜ್ ಮಾಡಿ. ಸಂಜೆ ಬ್ಯಾಂಕ್ ಮುಗಿದ ಮೇಲೆ ನಾನೇ ಫೋನ್ ಮಾಡುತ್ತೇನೆ. ರಾತ್ರಿ ಹೊತ್ತು ತಡೆಯೋಕಾಗದಿದ್ದರೆ ನನಗೆ ಕಾಯಬೇಡಿ, 14416ಕ್ಕೆ ಮಾಡಿ. ಅಲ್ಲಿ 24 ಗಂಟೆಯೂ ಎತ್ತುತ್ತಾರೆ, ದುಡ್ಡಿಲ್ಲ.